ಲಿಪಿಡ್ ಹೊದಿಕೆಯ ಮೈಕ್ರೋ ಗುಳ್ಳೆಗಳು: ಮಂಗಳೂರಲ್ಲಿ ಸರಿ ಇದ್ದದ್ದು ಬೆಂಗಳೂರು ಮುಟ್ಟುವಷ್ಟರಲ್ಲಿ ಕೆಡುತ್ತಿದೆ, ಏನು ಮಾಡಲಿ?

ಕಡಲತಡಿ_ಲ್ಯಾಬ್:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಕಡೆ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಲ್ಟ್ರಾಸೌಂಡ್ ಸಹಾಯದಿಂದ ಜೀವಕೋಶದೊಳಗೆ ಔಷಧ ನುಗ್ಗಿಸುವುದು ನನ್ನ ವಿಷಯ. ಅದಕ್ಕೆ ಬೇಕಾದ, ಲಿಪಿಡ್ (ಕೊಬ್ಬಿನಂಥ ಅಣು) ಹೊದಿಕೆಯೊಳಗೆ ಅನಿಲ ಇರುವ ಗುಳ್ಳೆಗಳನ್ನು ನಮ್ಮ ಲ್ಯಾಬಿನಲ್ಲೇ ಮಾಡಿಕೊಳ್ಳುತ್ತೇವೆ. ಅಲ್ಟ್ರಾಸೌಂಡ್ ಪ್ರಯೋಗದ ಸಲಕರಣೆ ಮಾತ್ರ ಬೆಂಗಳೂರಿನ ಇನ್ನೊಂದು ಲ್ಯಾಬಿನಲ್ಲಿದೆ.

ನಾನು ಮಾಡುವ ಕ್ರಮ ಹೀಗೆ. ಡಿಎಸ್‌ಪಿಸಿ ಎಂಬ ಲಿಪಿಡ್ ಒಂಬತ್ತು ಪಾಲು, ಪೆಗ್ ಎಂಬ ಪಾಲಿಮರ್ ಸರಪಳಿ ಅಂಟಿಸಿದ ಲಿಪಿಡ್ ಡಿಎಸ್‌ಪಿಇ-ಪೆಗ್ 2000 ಒಂದು ಪಾಲು, ಮೋಲ್ ಲೆಕ್ಕದಲ್ಲಿ. ದ್ರವ ಎಂದರೆ ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರು), ಅದರಲ್ಲಿ ಶೇ. 10 ಪ್ರೊಪಿಲೀನ್ ಗ್ಲೈಕಾಲ್, ಶೇ. 10 ಗ್ಲಿಸರಾಲ್. ಬಿಸಿ ಮಾಡಿ ಕರಗಿಸಿ, ಮೇಲೆ ಪರ್‌ಫ್ಲೂರೋಬ್ಯೂಟೇನ್ ಅನಿಲ ಹರಿಸಿ, ಪ್ರೋಬ್ ಸೋನಿಕೇಟರ್‌ನ (ಅಲ್ಟ್ರಾಸೌಂಡ್‌ನಿಂದ ದ್ರವವನ್ನು ಕಡೆಯುವ ಕಡ್ಡಿಯಂಥ ಸಲಕರಣೆ) ತುದಿಯನ್ನು ದ್ರವದ ಮೇಲ್ಮೈಗೆ ತಾಗಿಸಿ ಹತ್ತು ಸೆಕೆಂಡ್ ಪೂರ್ತಿ ಪವರ್ ಕೊಡುತ್ತೇನೆ. ತಕ್ಷಣ ಹಾಲಿನಂತೆ ಬೆಳ್ಳಗಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅರ್ಧ ಮೈಕ್ರಾನಿನಿಂದ ಹದಿನೈದು ಮೈಕ್ರಾನಿನವರೆಗೆ ಎಲ್ಲ ಗಾತ್ರವೂ ಇದೆ. ಗೈಡ್ ಕೇಳುತ್ತಿರುವುದು 4ರಿಂದ 5 ಮೈಕ್ರಾನ್ ವ್ಯಾಸದವು ಮಾತ್ರ, ಏಕೆಂದರೆ ನಮ್ಮ ಟ್ರಾನ್ಸ್‌ಡ್ಯೂಸರ್ (ಅಲ್ಟ್ರಾಸೌಂಡ್ ಹೊರಡಿಸುವ ಭಾಗ) 1 ಮೆಗಾಹರ್ಟ್ಸ್‌ನದು.

ಎರಡನೇ ತೊಂದರೆ ಇನ್ನೂ ದೊಡ್ಡದು. ಸಂಜೆ ಮಾಡಿದ್ದನ್ನು 50 ಎಂಎಲ್ ಟ್ಯೂಬಿನಲ್ಲಿ ಅರ್ಧದಷ್ಟು ತುಂಬಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ನಡುವೆ ಇಟ್ಟು ರಾತ್ರಿ ಬಸ್ಸಿಗೆ ಹತ್ತುತ್ತೇನೆ. ಬೆಳಿಗ್ಗೆ ಬೆಂಗಳೂರಲ್ಲಿ ತೆರೆದರೆ ಮೇಲೆ ದಪ್ಪ ಬಿಳಿ ಪದರ, ಅದರ ಮೇಲೆ ಬರಿಗಣ್ಣಿಗೆ ಕಾಣುವ ನೊರೆ, ಕೆಳಗೆ ಹೆಚ್ಚುಕಡಿಮೆ ತಿಳಿನೀರು. ಅಲುಗಾಡಿಸಿ ನೋಡಿದರೆ ಗುಳ್ಳೆಗಳು ನಿನ್ನೆಗಿಂತ ದೊಡ್ಡವು. ಡಿಎಲ್‌ಎಸ್ ಮೆಷಿನ್ (ಬೆಳಕು ಚದುರುವುದನ್ನು ನೋಡಿ ಕಣಗಳ ಗಾತ್ರ ಹೇಳುವುದು) ಒಮ್ಮೆ 400 ನ್ಯಾನೋಮೀಟರ್ ಎನ್ನುತ್ತದೆ, ಅದೇ ಸ್ಯಾಂಪಲ್ಲಿಗೆ ಇನ್ನೊಮ್ಮೆ 3 ಮೈಕ್ರಾನ್ ಎನ್ನುತ್ತದೆ. ಸೋನಿಕೇಟರ್ ಪವರ್ ಮತ್ತು ಸಮಯ ಬದಲಿಸಿ ನೋಡಿದೆ, ವ್ಯತ್ಯಾಸ ಅಷ್ಟಕ್ಕಷ್ಟೆ. ಬೆಂಗಳೂರು ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಗುಳ್ಳೆ ಉಬ್ಬುತ್ತಿದೆ ಎಂದು ಸೀನಿಯರ್ ಒಬ್ಬರ ಅಭಿಪ್ರಾಯ. ನಿಜವೇ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನದ_ಅಕ್ಕ:

ಪ್ರಶ್ನೆಯನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಥ್ಯಾಂಕ್ಸ್, ಅರ್ಧ ಉತ್ತರ ಅದರಲ್ಲೇ ಇದೆ. ನಾನು ಬೆಂಗಳೂರಿನಲ್ಲಿ ಲಿಪಿಡ್ ಫಾರ್ಮುಲೇಶನ್ ಕೆಲಸ ಮಾಡುವವಳು. ಈ ಗುಳ್ಳೆಗಳೆಂದರೆ ನನಗೆ ತುಂಬ ಪ್ರೀತಿ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಮೊದಲು ಎತ್ತರದ ಮಾತು ಮುಗಿಸಿಬಿಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಹತ್ತು ಪರ್ಸೆಂಟ್ ಕಡಿಮೆ. ಅನಿಲದ ಪರಿಮಾಣ (ವಾಲ್ಯೂಮ್) ಹತ್ತು ಪರ್ಸೆಂಟ್ ಹೆಚ್ಚಿದರೂ ವ್ಯಾಸ ಹೆಚ್ಚುವುದು ಮೂರು ಪರ್ಸೆಂಟಿನಷ್ಟು ಮಾತ್ರ. 4 ಮೈಕ್ರಾನಿನ ಗುಳ್ಳೆ 4.1 ಆದೀತು. ಅದು ನಿಮ್ಮ ಮೈಕ್ರೋಸ್ಕೋಪಿಗೆ ಕಾಣುವ ವ್ಯತ್ಯಾಸವೇ ಅಲ್ಲ. ಕಾರಣ ಬೇರೆ ಕಡೆ ಇದೆ.

ಮೇಲೆ ಕಟ್ಟಿದ ಬಿಳಿ ಪದರಕ್ಕೆ ಹೆದರಬೇಡಿ. ಗುಳ್ಳೆ ತೇಲಲೇಬೇಕು. ಲೆಕ್ಕ ಹಾಕಿ ನೋಡಿ: ನೀರಿನಲ್ಲಿ 10 ಮೈಕ್ರಾನ್ ವ್ಯಾಸದ ಗುಳ್ಳೆ ನಿಮಿಷಕ್ಕೆ 3 ಮಿಲಿಮೀಟರ್‌ಗೂ ಹೆಚ್ಚು ಏರುತ್ತದೆ. 2 ಮೈಕ್ರಾನಿನದು ಗಂಟೆಗೆ 8 ಮಿಲಿಮೀಟರ್ ಹತ್ತಿರ. ಏರುವ ವೇಗ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಇದೇ ನಿಮ್ಮ ಆಯುಧ. ರಾತ್ರಿಯಿಡೀ ಇಟ್ಟರೆ ಕೆಳಗೆ ತಿಳಿಯಾಗುವುದು ಸಹಜ. ಟ್ಯೂಬನ್ನು ನಿಧಾನವಾಗಿ ಹತ್ತು ಸಲ ಮಗುಚಿ. ಮತ್ತೆ ಒಂದೇ ಸಮನೆ ಹಾಲಾದರೆ ಗುಳ್ಳೆಗಳು ಬದುಕಿವೆ. ಹಾಲಾಗದೆ ಮೇಲೆ ಹೊಳೆಯುವ ದೊಡ್ಡ ಗುಳ್ಳೆಗಳು ಉಳಿದರೆ ಮಾತ್ರ ಅವು ಒಂದಕ್ಕೊಂದು ಸೇರಿವೆ, ಇಲ್ಲವೇ ಸಣ್ಣವು ಬರಿದಾಗಿ ದೊಡ್ಡವು ಬೆಳೆದಿವೆ ಎಂದರ್ಥ. ನಿಮ್ಮಲ್ಲಿ ಆಗಿರುವುದು ಈ ಎರಡನೆಯದು, ಜೊತೆಗೆ ಮೂರನೆಯದೊಂದು ಇದೆ, ಹೇಳುತ್ತೇನೆ.

ಗುಳ್ಳೆ ಯಾಕೆ ಸಾಯುತ್ತದೆ? ಹೊದಿಕೆಯೇ ಇಲ್ಲದ 2 ಮೈಕ್ರಾನ್ ವ್ಯಾಸದ ಗಾಳಿಗುಳ್ಳೆಯನ್ನು ನೀರಿನ ಮೇಲ್ಮೈ ಎಳೆತ ಹಿಂಡುವ ಒತ್ತಡ ಸುಮಾರು 144 ಕಿಲೋಪಾಸ್ಕಲ್. ಅಂದರೆ ಹೊರಗಿನ ವಾಯುಭಾರದ ಮೇಲೆ ಇನ್ನೂ ಒಂದೂವರೆ ವಾಯುಭಾರದಷ್ಟು. ಒಳಗಿನ ಅನಿಲ ನೀರಿಗೆ ಕರಗಿ ಓಡಿಹೋಗುತ್ತದೆ, ಗುಳ್ಳೆ ಸಣ್ಣದಾದಷ್ಟೂ ಹಿಂಡು ಹೆಚ್ಚು, ಕಣ್ಣು ಮಿಟುಕಿಸುವಷ್ಟರಲ್ಲಿ ಕಥೆ ಮುಗಿಯುತ್ತದೆ. ಎಪ್‌ಸ್ಟೈನ್ ಮತ್ತು ಪ್ಲೆಸೆಟ್ 1950ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದಾರೆ. ಲಿಪಿಡ್ ಮಾಡುವ ಉಪಕಾರ ಏನೆಂದರೆ, ಅಣುಗಳು ಒತ್ತೊತ್ತಾಗಿ ಕೂತು ಆ ಎಳೆತವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತವೆ. ಎಳೆತವೇ ಇಲ್ಲದಿದ್ದರೆ ಹಿಂಡುವವರು ಯಾರೂ ಇಲ್ಲ. ಆದರೆ ಆ ಪದರ ಘನವಾಗಿರಬೇಕು. ಡಿಎಸ್‌ಪಿಸಿ 55 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಅದಕ್ಕಿಂತ ಕೆಳಗೆ ಬಿಗಿ. ಡಿಪಿಪಿಸಿ ಎಂಬ ಇನ್ನೊಂದು ಲಿಪಿಡ್ 41ಕ್ಕೇ ಮೆತ್ತಗಾಗುತ್ತದೆ, ಮೈಬಿಸಿಗೆ ತೀರ ಹತ್ತಿರ. ನಿಮ್ಮ ಆಯ್ಕೆ ಒಳ್ಳೆಯದೇ. ಆದರೆ “ಬಿಸಿ ಮಾಡಿ ಕರಗಿಸಿ” ಎಂದಿದ್ದೀರಿ, ಎಷ್ಟು ಬಿಸಿ? 60ರಿಂದ 65 ಡಿಗ್ರಿ ಬೇಕು, ಮತ್ತು ಮೋಡ ಕವಿದಂತಿದ್ದ ದ್ರವ ಸೋನಿಕೇಟರ್‌ನ ಕಡಿಮೆ ಪವರ್‌ನಲ್ಲಿ ತಿಳಿಯಾಗುವ ತನಕ ಬಿಡಬಾರದು. ಮುದ್ದೆಮುದ್ದೆ ಲಿಪಿಡ್ ಗುಳ್ಳೆಯ ಮೈಗೆ ಹರಡುವುದಿಲ್ಲ. ಗುಳ್ಳೆ ಆದ ಕೂಡಲೇ ಐಸ್ ನೀರಿನಲ್ಲಿಟ್ಟು ತಣಿಸಿ, ಪದರ ಬೇಗ ಗಟ್ಟಿಯಾಗಲಿ. ಪೆಗ್ ಸರಪಳಿಗಳು ಹೊರಗೆ ಚಾಚಿಕೊಂಡು ಎರಡು ಗುಳ್ಳೆಗಳು ಮೈಗೆ ಮೈ ತಾಗದಂತೆ ದೂರ ಇಡುತ್ತವೆ, ಹಾಗಾಗಿ ಆ ಹತ್ತನೇ ಒಂದು ಪಾಲನ್ನು ಉಳಿತಾಯಕ್ಕೆಂದು ಕಡಿಮೆ ಮಾಡಬೇಡಿ.

ಹೊದಿಕೆ ಅರ್ಧ ಭಾಗ, ಅನಿಲ ಇನ್ನರ್ಧ. ಇದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. ಅಮೆರಿಕದಲ್ಲಿ 1994ರಲ್ಲಿ ಅನುಮತಿ ಪಡೆದ ಆಲ್ಬ್ಯುನೆಕ್ಸ್ ಎಂಬ, ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಗೆ ಕೊಡುವ ಗುಳ್ಳೆಗಳಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೊದಿಕೆಯೊಳಗೆ ಬರೀ ಗಾಳಿ ಇತ್ತು, ಹೃದಯದ ಒತ್ತಡಕ್ಕೆ ಬೇಗ ಮಾಸಿಹೋಗುತ್ತಿತ್ತು. 1997ರಲ್ಲಿ ಬಂದ ಆಪ್ಟಿಸನ್‌ನಲ್ಲಿ ಹೊದಿಕೆ ಅದೇ ಆಲ್ಬುಮಿನ್, ಒಳಗೆ ಪರ್‌ಫ್ಲೂರೋಪ್ರೊಪೇನ್. ನೀರಿನಲ್ಲಿ ಬಹಳ ಕಡಿಮೆ ಕರಗುವ ಅನಿಲ ಹಾಕಿದ್ದಕ್ಕೆ ಬಾಳಿಕೆ ಬಂತು. ನೀವು ಪರ್‌ಫ್ಲೂರೋಬ್ಯೂಟೇನ್ ಹಾಕುತ್ತೀರಿ, ಸರಿ. ಆದರೆ ಆಮೇಲೆ ಆ ಗುಳ್ಳೆಗಳನ್ನು ಎಲ್ಲಿ ಇಡುತ್ತೀರಿ? ಅರ್ಧ ಖಾಲಿ ಟ್ಯೂಬಿನಲ್ಲಿ, ಗಾಳಿಯ ಕೆಳಗೆ! ಒಳಗೆ ನೈಟ್ರೋಜನ್ ಇಲ್ಲ, ಆಕ್ಸಿಜನ್ ಇಲ್ಲ. ಹೊರಗಿನ ನೀರಿನಲ್ಲಿ ಎರಡೂ ತುಂಬಿವೆ. ಅವು ಒಳಗೆ ನುಗ್ಗುತ್ತವೆ, ನಿಮ್ಮ ಅನಿಲ ಅಷ್ಟು ಬೇಗ ಹೊರಗೆ ಬರಲಾರದು, ಗುಳ್ಳೆ ಉಬ್ಬುತ್ತದೆ. ಉಬ್ಬಿದಾಗ ಹೊದಿಕೆ ಬಿರಿಯುತ್ತದೆ, ಬಿರಿದಲ್ಲಿ ಮೇಲ್ಮೈ ಎಳೆತ ಮರಳಿ ಬರುತ್ತದೆ, ಆಗ ಸಣ್ಣವುಗಳ ಅನಿಲ ನೀರಿನ ಮೂಲಕ ದೊಡ್ಡವುಗಳಿಗೆ ಹೋಗುವ ಕೆಲಸ ಶುರು. ಇನ್ನು ಐಸ್: ತಣ್ಣೀರು ಹೆಚ್ಚು ಗಾಳಿ ಹಿಡಿದಿಡುತ್ತದೆ. ಬೆಳಿಗ್ಗೆ ಅದು ಬೆಚ್ಚಗಾದಾಗ ಹಿಡಿದ ಗಾಳಿಯನ್ನು ಬಿಡುತ್ತದೆ. ಎಲ್ಲಿಗೆ? ಅಲ್ಲೇ ಇರುವ ಗುಳ್ಳೆಗಳಿಗೆ.

ಈಗ ಆ ಮೂರನೆಯದು. ಲಿಪಿಡ್ ದ್ರವ, ಅದರ ಮೇಲೆ ಅರ್ಧ ಟ್ಯೂಬ್ ಗಾಳಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ರಾತ್ರಿಯಿಡೀ ಕುಲುಕಾಟ. ನನ್ನ ಊರಿನ ಮೇಲೇ ಹಾದುಹೋಗುವ ದಾರಿ, ಅದರ ಕುಲುಕು ಚೆನ್ನಾಗಿ ಗೊತ್ತು. ಡೆಫಿನಿಟಿ ಎಂಬ ಹೆಸರಲ್ಲಿ ಮಾರುವ ಅಂಥದೇ ಗುಳ್ಳೆ ಮಾಲನ್ನು ಆಸ್ಪತ್ರೆಯಲ್ಲಿ ತಯಾರಿಸುವುದೇ ಹೀಗೆ: ವಯಲ್‌ನಲ್ಲಿ ಲಿಪಿಡ್ ದ್ರವ, ಮೇಲೆ ಅನಿಲ, ಯಂತ್ರದಲ್ಲಿಟ್ಟು 45 ಸೆಕೆಂಡ್ ಬಲವಾಗಿ ಕುಲುಕಿದರೆ ಗುಳ್ಳೆ ತಯಾರು. ಬಸ್ಸಿಗೆ ಅಷ್ಟು ವೇಗ ಇಲ್ಲ, ಆದ್ದರಿಂದ ಅಷ್ಟು ಸಣ್ಣವು ಆಗುವುದಿಲ್ಲ. ಆದರೆ ಗಾಳಿ ತುಂಬಿದ ದಪ್ಪ ದಪ್ಪ ಹೊಸ ಗುಳ್ಳೆಗಳು ದಾರಿಯುದ್ದಕ್ಕೂ ಹುಟ್ಟುತ್ತವೆ. ನೀವು ಕಾಣುವ ನೊರೆಯ ದೊಡ್ಡ ಪಾಲು ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಪ್ರಯಾಣಕ್ಕೆ ಗಾಜಿನ ಸೀರಂ ವಯಲ್ ತೆಗೆದುಕೊಳ್ಳಿ. ಪಿಬಿಎಸ್‌ನ ಮೂಲಕ ಪರ್‌ಫ್ಲೂರೋಬ್ಯೂಟೇನನ್ನು ಮೊದಲೇ ಹಾಯಿಸಿ ಇಡಿ. ಗುಳ್ಳೆ ದ್ರವವನ್ನು ಕುತ್ತಿಗೆಯವರೆಗೆ ತುಂಬಿ, ಉಳಿದ ಚೂರು ಜಾಗದ ಗಾಳಿಯನ್ನು ಅದೇ ಅನಿಲದಿಂದ ಓಡಿಸಿ, ರಬ್ಬರ್ ಮುಚ್ಚಳ ಹಾಕಿ ಅಲ್ಯೂಮಿನಿಯಂ ಸೀಲ್ ಒತ್ತಿ. ಗಾಳಿಗೂ ಕುಲುಕಿಗೂ ಒಟ್ಟಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಐಸ್ ಪ್ಯಾಕ್ ನೇರವಾಗಿ ವಯಲ್‌ಗೆ ತಾಗಬಾರದು, ದ್ರವ ಹೆಪ್ಪುಗಟ್ಟಿದರೆ ಐಸಿನ ಹರಳುಗಳು ಗುಳ್ಳೆಗಳನ್ನು ಒಡೆದು ಹಾಕುತ್ತವೆ. ತಲುಪಿದ ಮೇಲೆ ಸೀಲ್ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ.

ಇನ್ನು ಒಂದೇ ಗಾತ್ರದ ವಿಷಯ. ಇದರಲ್ಲಿ ನನ್ನದು ಗಟ್ಟಿ ನಿಲುವು: ಸೋನಿಕೇಟರ್‌ನ ಪವರ್ ತಿರುಗಿಸುತ್ತ ಕೂರಬೇಡಿ. ಸೋನಿಕೇಟರ್ ಕೊಡುವುದೇ ಎಲ್ಲ ಗಾತ್ರದ ರಾಶಿಯನ್ನು. ಒಂದೇ ಅಳತೆಯವು ಬೇಕೆಂದರೆ ಮಾಡುವಾಗ ಅಲ್ಲ, ಮಾಡಿದ ಮೇಲೆ ಆರಿಸಬೇಕು. ಭತ್ತ ತೂರುವಾಗ ಗಾಳಿ ಕಾಳನ್ನೂ ಜೊಳ್ಳನ್ನೂ ಬೇರೆ ಮಾಡುತ್ತದಲ್ಲ, ಇಲ್ಲಿ ಸೆಂಟ್ರಿಫ್ಯೂಜ್ ಆ ಗಾಳಿ. 2009ರಲ್ಲಿ ಫೆಷಿಟಾನ್, ಬೋರ್ಡನ್ ಮತ್ತು ಸಂಗಡಿಗರು ಈ ಕ್ರಮದಿಂದಲೇ 1–2 ಮೈಕ್ರಾನ್ ಮತ್ತು 4–5 ಮೈಕ್ರಾನ್ ಗುಳ್ಳೆಗಳನ್ನು ಬೇರೆಬೇರೆಯಾಗಿ ತೆಗೆದು ತೋರಿಸಿದರು. ನಿಮ್ಮ ಗೈಡ್ ಕೇಳುತ್ತಿರುವ ಗಾತ್ರವೇ.

ದೊಡ್ಡ ಸಿರಿಂಜಿನ ಬಾಯಿಗೆ ಮುಚ್ಚಳ ಹಾಕಿ, ಪ್ಲಂಜರ್‌ನ ಹಿಡಿ ಕತ್ತರಿಸಿ, ಬಾಯಿ ಕೆಳಗಾಗಿ ಬಕೆಟ್ಟಿನಲ್ಲಿ ನಿಲ್ಲಿಸಿ. ಗುಳ್ಳೆಗಳು ಮೇಲೆ ಕೆನೆಯಾಗಿ ನಿಲ್ಲುತ್ತವೆ, ಕೆಳಗಿನ ದ್ರವವನ್ನು ಬಾಯಿಯಿಂದ ಸಲೀಸಾಗಿ ಇಳಿಸಿಕೊಳ್ಳಬಹುದು. ಮೊದಲ ಸುತ್ತು ತೊಳೆಯುವುದಕ್ಕೆ: 100 ಜಿ (ಭೂಮಿಯ ಸೆಳೆತದ ನೂರು ಪಟ್ಟು), 5 ನಿಮಿಷ. 5 ಸೆಂಟಿಮೀಟರ್ ಎತ್ತರದ ದ್ರವವಾದರೆ, ನಿಮ್ಮ ಗ್ಲಿಸರಾಲ್‌ನ ಸ್ನಿಗ್ಧತೆ ಲೆಕ್ಕಕ್ಕೆ ಹಿಡಿದೂ, ಸುಮಾರು 2.5 ಮೈಕ್ರಾನಿಗಿಂತ ದೊಡ್ಡವೆಲ್ಲ ಮೇಲೆ ಬಂದಿರುತ್ತವೆ. ಕೆಳಗಿಳಿಸಿದ ಲಿಪಿಡ್ ದ್ರವವನ್ನು ಚೆಲ್ಲಬೇಡಿ, ಮತ್ತೆ ಸೋನಿಕೇಟ್ ಮಾಡಬಹುದು. ಡಿಎಸ್‌ಪಿಸಿಯ ಬೆಲೆ ನಿಮಗೇ ಗೊತ್ತು. ಕೆನೆಯನ್ನು ಬರೀ ಪಿಬಿಎಸ್‌ನಲ್ಲಿ ಕದಡಿ 40 ಜಿಯಲ್ಲಿ ಒಂದು ನಿಮಿಷ ತಿರುಗಿಸಿ. 6 ಮೈಕ್ರಾನಿಗಿಂತ ದೊಡ್ಡವು ಮೇಲೆ ಹೋದವು, ಈ ಸಲ ಬೇಕಾದದ್ದು ಕೆಳಗಿನದು. ಅದನ್ನು ತೆಗೆದು ಮತ್ತೆ 5 ಸೆಂಟಿಮೀಟರ್ ಎತ್ತರಕ್ಕೆ ಮಾಡಿಕೊಂಡು 90ರಿಂದ 100 ಜಿಯಲ್ಲಿ ಒಂದು ನಿಮಿಷ. 4ಕ್ಕಿಂತ ದೊಡ್ಡವು ಮೇಲೆ ಬಂದವು, ಈಗ ಕೆನೆ ನಿಮ್ಮದು. ಆದರೆ ಮೊದಲೇ ಮೇಲ್ಭಾಗದಲ್ಲಿದ್ದ ಸಣ್ಣ ಗುಳ್ಳೆಗಳೂ ಈ ಕೆನೆಯಲ್ಲಿ ಸಿಕ್ಕಿಕೊಂಡಿರುತ್ತವೆ, ಆದ್ದರಿಂದ ಇದೇ ಕೊನೆಯ ಸುತ್ತನ್ನು ಕದಡಿ ಕದಡಿ ಕೆಳಗಿನ ದ್ರವ ತಿಳಿಯಾಗುವವರೆಗೆ ಮಾಡಬೇಕು. ತಾಳ್ಮೆ ಬೇಕಾಗುವುದು ಇಲ್ಲೇ, ಗಾತ್ರ ಬಿಗಿಯಾಗುವುದೂ ಇಲ್ಲೇ.

ಬೇಗ ಮುಗಿಯಲಿ ಎಂದು ಜಿ ಏರಿಸಬೇಡಿ. 300 ಜಿಯಲ್ಲಿ 5 ಸೆಂಟಿಮೀಟರ್ ದ್ರವದ ತಳದಲ್ಲಿರುವ ಗುಳ್ಳೆಗೆ ಬೀಳುವ ಹೆಚ್ಚುವರಿ ಒತ್ತಡ ಒಂದೂವರೆ ವಾಯುಭಾರದ ಹತ್ತಿರ. 100 ಜಿಯಲ್ಲಿ ಅರ್ಧ ವಾಯುಭಾರ. ನೀವು ಅಷ್ಟು ಕಷ್ಟಪಟ್ಟು ಹೊದಿಸಿದ ಪದರ ಆ ಹಿಂಡಿಗೆ ಮಡಿಚಿಕೊಳ್ಳುತ್ತದೆ.

ಅಳತೆಗೆ ಡಿಎಲ್‌ಎಸ್ ಬಿಟ್ಟುಬಿಡಿ. ಕಣಗಳು ನೀರಿನಲ್ಲಿ ತಮ್ಮಷ್ಟಕ್ಕೆ ಅಡ್ಡಾಡುತ್ತಿವೆ ಎಂದು ನಂಬಿ ಅದು ಲೆಕ್ಕ ಹಾಕುತ್ತದೆ, ನಿಮ್ಮವು ಮೇಲಕ್ಕೆ ಓಡುತ್ತಿವೆ. ಕೋಲ್ಟರ್ ಕೌಂಟರ್ (ಸಣ್ಣ ರಂಧ್ರದಲ್ಲಿ ಹಾಯುವ ಕಣಗಳನ್ನು ಒಂದೊಂದಾಗಿ ಎಣಿಸಿ ಅಳೆಯುವ ಯಂತ್ರ) ಎಲ್ಲಾದರೂ ಸಿಗುತ್ತದೆಯೇ ನೋಡಿ, 30 ಮೈಕ್ರಾನಿನ ರಂಧ್ರದ ಟ್ಯೂಬ್ ಹಾಕಿಸಿ. ಸಿಗದಿದ್ದರೆ ಮೈಕ್ರೋಸ್ಕೋಪ್ ಫೋಟೋ ಸಾಕು, ಆದರೆ ಗುಳ್ಳೆಗಳು ಕವರ್ ಗಾಜಿನ ಒಳಮೈಗೆ ಅಂಟಿ ನಿಲ್ಲುತ್ತವೆ, ಫೋಕಸ್ ಅಲ್ಲಿಗೆ ಇರಲಿ. ಒಂದು ಮೈಕ್ರಾನಿಗಿಂತ ಸಣ್ಣವನ್ನು ಬೆಳಕಿನ ಮೈಕ್ರೋಸ್ಕೋಪಿನಿಂದ ಅಳೆದು ವರದಿಯಲ್ಲಿ ಬರೆಯಬೇಡಿ. ಗುಳ್ಳೆಗಳ ಎಣಿಕೆ ಮತ್ತು ಅನಿಲದ ಪರಿಮಾಣ ಎರಡರ ಗ್ರಾಫನ್ನೂ ಹಾಕಿ. ಸಾವಿರ ಗುಳ್ಳೆಗಳಲ್ಲಿ 10 ಮೈಕ್ರಾನಿನದು ಒಂದೇ ಒಂದು ಇದ್ದರೂ, ಉಳಿದವು 1 ಮೈಕ್ರಾನಿನವಾದರೆ, ಅರ್ಧ ಅನಿಲ ಆ ಒಂದರಲ್ಲೇ ಇರುತ್ತದೆ. ಎಣಿಕೆಯ ಗ್ರಾಫ್ ಅದನ್ನು ಮುಚ್ಚಿಡುತ್ತದೆ.

ಎಕೋ_ಹುಬ್ಬಳ್ಳಿ:

ಭಾಳ ಛಲೋ ಬರದೀರಿ ಅಕ್ಕಾರ. ನಾನು ಹೃದಯದ ಎಕೋ (ಅಲ್ಟ್ರಾಸೌಂಡ್ ಪರೀಕ್ಷಾ) ಮಾಡಾಂವ, ದವಾಖಾನಿ ಕಡಿಂದ ಒಂದೀಟು ಹೇಳ್ತೀನಿ, ತಂಗಿಗೆ ಉಪಯೋಗ ಆಗಬಹುದು.

ಈ ಗುಳ್ಳಿ ಕಥಿ ಶುರು ಆಗಿದ್ದ ಹೊದಿಕಿ ಇಲ್ಲದ ಗುಳ್ಳಿಯಿಂದ. 1968ರಾಗ ಅಮೆರಿಕಾದ ರಾಚೆಸ್ಟರ್‌ನಾಗ ರೇಮಂಡ್ ಗ್ರಾಮಿಯಾಕ್ ಮತ್ತ ಪ್ರವೀಣ್ ಶಾ ಅನ್ನೋರು, ಮಹಾಧಮನಿ ಬುಡಕ್ಕ ದ್ರವ ಚುಚ್ಚಿದಾಗ ಎಕೋದಾಗ ಮೋಡದಂಗ ಕಾಣ್ತದ ಅಂತ ಬರದ್ರು. ನಾವು ಇವತ್ತಿಗೂ ಅದರ ಸಾದಾ ರೂಪ ಮಾಡ್ತೀವಿ. 10 ಎಂಎಲ್ ಸಿರಿಂಜ್ ಎರಡು, ನಡುವ ತ್ರೀ-ವೇ (ಮೂರು ಬಾಯಿ ಜೋಡಿಸೂ ನಳ). 9 ಎಂಎಲ್ ಸಲೈನ್, 1 ಎಂಎಲ್ ಗಾಳಿ. ಆ ಕಡಿಂದ ಈ ಕಡಿಗೆ ಜೋರಾಗಿ ನೂಕಾಡಿ, ಕೂಡ್ಲೇ ಕೈ ನರಕ್ಕ ಕೊಡೂದು. ಬಲಗಡಿ ಹೃದಯ ಬೆಳ್ಳಗ ತುಂಬತದ. ಆ ಗುಳ್ಳಿ ಶ್ವಾಸಕೋಶ ದಾಟಂಗಿಲ್ಲ, ದೊಡ್ಡವು ಸಿಕ್ಕಿ ಬೀಳ್ತಾವ, ಸಣ್ಣವು ಕರಗಿ ಹೋಗ್ತಾವ. ಮೂರು ಬಡಿತದೊಳಗ ಎಡಗಡಿ ಕಂಡ್ರ ನಡುವ ತೂತು ಇರಬಹುದು ಅಂತ ಸಂಶಯ ಪಡ್ತೀವಿ. ಅಂದ್ರ ಅಲ್ಲಿ ಗುಳ್ಳಿ ಬಾಳಿಕಿ ಬರದಿದ್ದದ್ದ ನಮಗ ಅನುಕೂಲ. ಆದ್ರ ಎಡಗಡಿ ಹೃದಯದ ಗೋಡಿ ಕಾಣಬೇಕಂದ್ರ ಶ್ವಾಸಕೋಶದ ಸಣ್ಣ ನಾಳ ದಾಟೂವಂಥ, ಕೆಂಪು ರಕ್ತಕಣಕ್ಕಿಂತ ಸಣ್ಣ, ಬಾಳಿಕಿ ಬರೂ ಗುಳ್ಳಿ ಬೇಕು. ಅಲ್ಲಿಂದ ಈ ಹೊದಿಕಿ, ಈ ಅನಿಲ ಎಲ್ಲಾ ಬಂದದ್ದು.

ಹೊದಿಕಿ ಗುಳ್ಳಿ ಕೈಯಾಗ ಹಿಡದವರಿಗೆ ಒಂದ್ ಮಾತು ಗೊತ್ತಿರ್ತದ: ಅವು ಬಾಟ್ಲಿಯೊಳಗಿಗಿಂತ ಸಿರಿಂಜಿನಾಗ ಹೆಚ್ಚು ಸಾಯ್ತಾವ. ಸಣ್ಣ ಸೂಜಿ ಹಾಕಿ ಜಗ್ಗಿದ್ರ ಸಿರಿಂಜಿನೊಳಗ ಒತ್ತಡ ಇಳದು ಗುಳ್ಳಿ ಉಬ್ಬಿ ಒಡೀತಾವ, ಜೋರಾಗಿ ನೂಕಿದ್ರ ಹಿಂಡಿ ಸಾಯ್ತಾವ. 18 ಇಲ್ಲಾ 20 ಗೇಜಿನ ದಪ್ಪ ಸೂಜಿ ಇರ್ಲಿ, ವಯಲ್‌ಗೆ ಇನ್ನೊಂದು ಸೂಜಿ ಚುಚ್ಚಿ ಉಸಿರಾಡಾಕ ಬಿಡ್ರಿ, ಸಾವಕಾಶ ಎಳೀರಿ. ಎಳದ ಮ್ಯಾಲ ಸಿರಿಂಜ್ ಟೇಬಲ್ ಮ್ಯಾಲ ಇಟ್ಟು ಚಾ ಕುಡ್ಯಾಕ ಹೋಗಬ್ಯಾಡ್ರಿ, ಎರಡು ಅಂಗೈ ನಡುವ ಹೊಳ್ಳಾಡಿಸಿ ಆಗಿಂದಾಗ ಕೊಟ್ಟುಬಿಡ್ರಿ. ಇಲ್ಲಂದ್ರ ಮೊದಲ ಹನಿಗೆ ಒಂದು ಗಾತ್ರ, ಕಡಿ ಹನಿಗೆ ಇನ್ನೊಂದು ಗಾತ್ರ ಹೋಗ್ತದ.

ಕಡಲತಡಿ_ಲ್ಯಾಬ್:

ಅಕ್ಕ, ಡಾಕ್ಟರೇ, ಇಬ್ಬರಿಗೂ ತುಂಬ ಧನ್ಯವಾದ. ನಾನು 26 ಗೇಜ್ ಸೂಜಿಯಲ್ಲಿ ಎಳೆಯುತ್ತಿದ್ದೆ, ಅದೂ ಒಂದು ಕಾರಣ ಇರಬೇಕು. ಎರಡು ಅನುಮಾನ ಉಳಿದಿವೆ. ಹೀಗೆ ಆರಿಸಿದ 4–5 ಮೈಕ್ರಾನಿನವು ಎಷ್ಟು ದಿನ ಅದೇ ಗಾತ್ರದಲ್ಲಿ ಇರುತ್ತವೆ? ಮತ್ತು ಗಾತ್ರ ಒಂದೇ ಆಗಿದ್ದರೆ 1 ಮೆಗಾಹರ್ಟ್ಸ್‌ನಲ್ಲಿ ನಿಜವಾಗಿ ಅಷ್ಟು ವ್ಯತ್ಯಾಸ ಕಾಣುತ್ತದೆಯೇ? ಪರ್‌ಫ್ಲೂರೋಬ್ಯೂಟೇನ್ ಸಿಲಿಂಡರ್ ಮುಗಿಯುತ್ತ ಬಂದಿದೆ, ಹೊಸದು ಬರಲು ತಿಂಗಳುಗಳೇ ಬೇಕು. ಸಲ್ಫರ್ ಹೆಕ್ಸಾಫ್ಲೂರೈಡ್ ಇದೆ, ಅದನ್ನು ಹಾಕಬಹುದೇ?

ಚಿಪ್_ಗುಳ್ಳೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನೆದರ್ಲೆಂಡ್ಸ್‌ನಲ್ಲಿದ್ದೇನೆ, ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ ಗುಳ್ಳೆ ಮಾಡುವವನು. ಹಾಸನದ ಅಕ್ಕ “ಮಾಡುವಾಗ ಅಲ್ಲ, ಮಾಡಿದ ಮೇಲೆ ಆರಿಸಿ” ಎಂದರು. ಸೋನಿಕೇಟರ್‌ಗೆ ಅದು ಪೂರ್ತಿ ಸರಿ. ಆದರೆ ಹುಟ್ಟುವಾಗಲೇ ಒಂದೇ ಗಾತ್ರ ಕೊಡುವ ದಾರಿಯೂ ಇದೆ. ನಡುವಿನ ಕಾಲುವೆಯಲ್ಲಿ ಅನಿಲ, ಎರಡು ಪಕ್ಕದಿಂದ ಲಿಪಿಡ್ ದ್ರವ, ಮೂರೂ ಒಂದು ಸಣ್ಣ ಕಿಂಡಿಯಲ್ಲಿ ತೂರುವಾಗ ಅನಿಲದ ಎಳೆ ಸಮನಾಗಿ ತುಂಡಾಗುತ್ತ ಹೋಗುತ್ತದೆ. ಗಾನ್ಯಾನ್-ಕಾಲ್ವೊ ಮತ್ತು ಗೋರ್ಡಿಯೊ 2001ರಲ್ಲಿ ತೋರಿಸಿದ ಕ್ರಮ.

ಕಷ್ಟ ಬರುವುದು ಹುಟ್ಟಿದ ನಂತರ. ಕಿಂಡಿಯಿಂದ ಹೊರಬಿದ್ದ ಕ್ಷಣದಲ್ಲಿ ಹೊದಿಕೆ ಇನ್ನೂ ವಿರಳ. ಲಿಪಿಡ್ ಮೈಗೆ ಹತ್ತುವ ಮೊದಲೇ ಪಕ್ಕದ ಗುಳ್ಳೆ ತಾಗಿದರೆ ಎರಡೂ ಸೇರಿ ಒಂದಾಗುತ್ತವೆ. ಚಿಪ್ಪನ್ನು ಲಿಪಿಡ್ ಮೆತ್ತಗಾಗುವ ಬಿಸಿಯ ಹತ್ತಿರ ಇಟ್ಟರೆ ಇದು ಕಡಿಮೆಯಾಗುತ್ತದೆ. ಆಮೇಲೆ ಗುಳ್ಳೆ ಕುಗ್ಗುತ್ತ ಹೋಗಿ, ಲಿಪಿಡ್ ಒತ್ತೊತ್ತಾದಾಗ ನಿಲ್ಲುತ್ತದೆ. ಟ್ವೆಂಟೆ ವಿಶ್ವವಿದ್ಯಾಲಯದ ಕೆಲಸದಲ್ಲಿ ಕಂಡಂತೆ ನಿಂತಾಗಿನ ತ್ರಿಜ್ಯ ಹುಟ್ಟಿದಾಗಿನದರ ಅರ್ಧಕ್ಕೂ ಕಡಿಮೆ. ಅಂದರೆ 4 ಬೇಕಾದವರು 10ರ ಹತ್ತಿರ ಹುಟ್ಟಿಸಬೇಕು. ಬೇಕೆಂದೇ ಕಾರ್ಬನ್ ಡೈಆಕ್ಸೈಡ್ ಬೆರೆಸುವವರೂ ಇದ್ದಾರೆ. ಅದು ನೀರಿಗೆ ಬೇಗ ಕರಗಿ ಹೋಗುತ್ತದೆ, ಕರಗದ ಅನಿಲದ ಪ್ರಮಾಣ ಎಷ್ಟಿತ್ತೋ ಅಷ್ಟರಲ್ಲಿ ಗುಳ್ಳೆ ನಿಲ್ಲುತ್ತದೆ. ಅಂತಿಮ ಗಾತ್ರದ ಕಡಿವಾಣ ಅನಿಲ ಮಿಶ್ರಣದ ಕೈಯಲ್ಲಿ. ನನಗೆ ಈ ಉಪಾಯ ಬಹಳ ಇಷ್ಟ. ಆದರೂ ನಿಮಗೆ ಈಗ ನನ್ನ ಸಲಹೆ ಸೆಂಟ್ರಿಫ್ಯೂಜೇ. ಚಿಪ್ ಕಟ್ಟಿ ಪಳಗಿಸುವ ಹೊತ್ತಿಗೆ ನಿಮ್ಮ ಜೀವಕೋಶದ ಪ್ರಯೋಗ ಮುಗಿದಿರುತ್ತದೆ. ಒಂದು ಸಲ ತುಂಬ ಗುಳ್ಳೆ ಬೇಕಾದವರಿಗೆ ಸೋನಿಕೇಟರ್ ಕೊಡುವಷ್ಟು ಎಣಿಕೆ ಒಂದು ಕಿಂಡಿಯ ಚಿಪ್ ಕೊಡುವುದೂ ಇಲ್ಲ.

ಹಾಸನದ_ಅಕ್ಕ:

ಚಿಪ್ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಕಾರ್ಬನ್ ಡೈಆಕ್ಸೈಡ್ ಉಪಾಯ ನನಗೂ ಇಷ್ಟ. ಹೊದಿಕೆ ಮತ್ತು ಅನಿಲ ಎರಡನ್ನೂ ಒಟ್ಟಿಗೆ ಯೋಚಿಸಿದವರಿಗೆ ಮಾತ್ರ ಹೊಳೆಯುವಂಥದ್ದು.

ನಿಮ್ಮ ಎರಡನೇ ಅನುಮಾನ ಮೊದಲು. ಹೊದಿಕೆ ಇಲ್ಲದ ಗುಳ್ಳೆಗೆ ಮಿನ್ನಾರ್ಟ್ 1933ರಲ್ಲಿ ಕೊಟ್ಟ ಲೆಕ್ಕ ಇದೆ: ತ್ರಿಜ್ಯವನ್ನು ಮೈಕ್ರಾನಿನಲ್ಲಿ, ಆವರ್ತನವನ್ನು ಮೆಗಾಹರ್ಟ್ಸ್‌ನಲ್ಲಿ ಹಿಡಿದರೆ ಎರಡರ ಗುಣಲಬ್ಧ ಸುಮಾರು 3.3. ಅಂದರೆ ವ್ಯಾಸ 4.5 ಮೈಕ್ರಾನ್ ಆದರೆ ಒಂದೂವರೆ ಮೆಗಾಹರ್ಟ್ಸ್ ಹತ್ತಿರ, 2 ಮೈಕ್ರಾನ್ ಆದರೆ ಮೂರಕ್ಕೂ ಮೇಲೆ. ಹೊದಿಕೆಯ ಬಿಗಿ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ನಿಮ್ಮ ಈಗಿನ ರಾಶಿಯಲ್ಲಿ ಬಹುಪಾಲು ಗುಳ್ಳೆಗಳು 1 ಮೆಗಾಹರ್ಟ್ಸ್‌ಗೆ ಸರಿಯಾಗಿ ಸ್ಪಂದಿಸುವುದೇ ಇಲ್ಲ, ಕೆಲವು ದೊಡ್ಡವು ಮಾತ್ರ ಕುಣಿದು ಕೋಶಗಳನ್ನು ಹರಿದುಹಾಕುತ್ತವೆ. ಒಂದು ಡಿಶ್‌ನಲ್ಲಿ ಅರ್ಧ ಕೋಶ ಸತ್ತು ಉಳಿದವಕ್ಕೆ ಔಷಧವೇ ಹೋಗದಿದ್ದರೆ ಕಾರಣ ಇದಿರಬಹುದು. ಹಾಗಾಗಿ ನಿಮ್ಮ ಗೈಡ್ ಕೇಳುತ್ತಿರುವುದು ನ್ಯಾಯವಾದದ್ದೇ.

ಎಷ್ಟು ದಿನ ಎಂದಿರಿ. ಆ 2009ರ ಕೆಲಸದಲ್ಲಿ ಆರಿಸಿದ ಗುಳ್ಳೆಗಳು ಕನಿಷ್ಠ ಎರಡು ದಿನ ಗಾತ್ರ ಉಳಿಸಿಕೊಂಡವು. ನಿಮಗೆ ಬೇಕಾದದ್ದು ಒಂದು ರಾತ್ರಿ. ಗಾತ್ರ ಒಂದೇ ಆಗಿರುವುದು ಬಾಳಿಕೆಗೂ ಒಳ್ಳೆಯದು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಸಣ್ಣದರಿಂದ ದೊಡ್ಡದಕ್ಕೆ ಅನಿಲ ಹರಿಯುವುದು ಎರಡರ ಒಳಒತ್ತಡ ಬೇರೆಬೇರೆ ಆದಾಗ. ಎಲ್ಲವೂ 4–5 ಆದರೆ ಹರಿಯುವುದಕ್ಕೆ ಇಳಿಜಾರೇ ಇಲ್ಲ. ಅದಕ್ಕೇ ದೊಡ್ಡವನ್ನು ತೆಗೆಯುವ 40 ಜಿ ಸುತ್ತನ್ನು ತಯಾರಿಸಿದ ದಿನವೇ ಮುಗಿಸಿ, ಬೆಂಗಳೂರಿಗೆ ಬಂದ ಮೇಲೆ ಎಂದು ಮುಂದಕ್ಕೆ ಹಾಕಬೇಡಿ. ಆ ಕೆಲವು ದೊಡ್ಡವು ರಾತ್ರಿಯಿಡೀ ಉಳಿದವುಗಳ ಅನಿಲ ನುಂಗುತ್ತ ಬರುತ್ತವೆ.

ಸಲ್ಫರ್ ಹೆಕ್ಸಾಫ್ಲೂರೈಡ್ ಹಾಕಬಹುದು. ಸೋನೋವ್ಯೂ ಎಂಬ ಮಾಲಿನಲ್ಲಿ ಇರುವುದು ಅದೇ, ಅದರ ಸರಾಸರಿ ಗಾತ್ರ 2.5 ಮೈಕ್ರಾನ್. ಆದರೆ ಅವರು ಅದನ್ನು ಗುಳ್ಳೆಯಾಗಿ ಮಾರುವುದಿಲ್ಲ ಎಂಬುದನ್ನು ಗಮನಿಸಿ. ಒಣಗಿಸಿದ ಪುಡಿ, ಮೇಲೆ ಅನಿಲ, ಸಲೈನ್ ಹಾಕಿದಾಗ ಮಾತ್ರ ಗುಳ್ಳೆ, ಆಮೇಲೆ ಕೆಲವೇ ಗಂಟೆಗಳೊಳಗೆ ಬಳಸಿ ಎಂಬ ಷರತ್ತು. ಆ ಅನಿಲ ಪರ್‌ಫ್ಲೂರೋಬ್ಯೂಟೇನಿಗಿಂತ ಬೇಗ ಕರಗುತ್ತದೆ, ಬಸ್ಸಿನ ರಾತ್ರಿಗೆ ನಾನಾದರೆ ನಂಬುವುದಿಲ್ಲ. ಇರುವ ಸಿಲಿಂಡರನ್ನು ಹೀಗೆ ಉಳಿಸಿ: ಸೋನಿಕೇಟ್ ಮಾಡುವ ಪಾತ್ರೆ ಸಣ್ಣದಿರಲಿ, ಅನಿಲವನ್ನು ದ್ರವದ ಮೇಲೆ ನಿಧಾನ ಬಿಡಿ. ಅದು ಗಾಳಿಗಿಂತ ಎಷ್ಟೋ ಪಟ್ಟು ಭಾರ, ದ್ರವದ ಮೇಲೆ ತಾನೇ ಕೂರುತ್ತದೆ, ಭರ್ರನೆ ಹರಿಸುವ ಅಗತ್ಯ ಇಲ್ಲ. ಅಭ್ಯಾಸಕ್ಕೆ, ಸೆಂಟ್ರಿಫ್ಯೂಜ್ ಕೈ ಹತ್ತುವವರೆಗೆ, ಸಲ್ಫರ್ ಹೆಕ್ಸಾಫ್ಲೂರೈಡ್ ಬಳಸಿ. ಬೆಂಗಳೂರಿಗೆ ತರುವ ಬ್ಯಾಚಿಗೆ ಮಾತ್ರ ಪರ್‌ಫ್ಲೂರೋಬ್ಯೂಟೇನ್.

ಮುಂದಿನ ಸಲ ಒಂದೇ ಬ್ಯಾಚಿನಿಂದ ಮೂರು ವಯಲ್ ಮಾಡಿ. ಒಂದು ನಿಮ್ಮ ಲ್ಯಾಬಿನ ಫ್ರಿಜ್‌ನಲ್ಲೇ ಇರಲಿ. ಎರಡು ಬಸ್ಸಿಗೆ, ಅದರಲ್ಲಿ ಒಂದು ಕುತ್ತಿಗೆಯವರೆಗೆ ತುಂಬಿದ್ದು, ಒಂದು ನೀವು ಈವರೆಗೆ ತರುತ್ತಿದ್ದಂತೆ ಅರ್ಧ ಖಾಲಿ. ಹೊರಡುವ ಮುಂಚೆ ಫೋಟೋ, ತಲುಪಿದ ಮೇಲೆ ಫೋಟೋ, ಫ್ರಿಜ್‌ನದನ್ನು ಅದೇ ಹೊತ್ತಿಗೆ ನಿಮ್ಮ ಸೀನಿಯರ್ ಕೈಯಲ್ಲಿ ಮಂಗಳೂರಲ್ಲೇ ತೆಗೆಸಿ. ಎತ್ತರ, ಕುಲುಕು, ಗಾಳಿ ಯಾವುದರ ಪಾಲು ಎಷ್ಟು ಎಂದು ಅವರಿಗೂ ಅಲ್ಲೇ ಕಾಣುತ್ತದೆ. ಫೋಟೋಗಳನ್ನು ಇಲ್ಲಿ ಹಾಕಿ, ಅಳೆಯುವುದಕ್ಕೆ ನಾನೂ ಕೈ ಜೋಡಿಸುತ್ತೇನೆ.

ಕಡಲತಡಿ_ಲ್ಯಾಬ್:

ಖಂಡಿತ ಅಕ್ಕ. ಸೀರಂ ವಯಲ್ ಮತ್ತು ಸೀಲ್ ಒತ್ತುವ ಕ್ರಿಂಪರ್ ಪಕ್ಕದ ಫಾರ್ಮಸಿ ವಿಭಾಗದಲ್ಲಿ ಇದೆಯಂತೆ, ಕೇಳಿ ಬಂದೆ. ನಮ್ಮ ಸೆಂಟ್ರಿಫ್ಯೂಜ್‌ನಲ್ಲಿ ಜಿ ಬದಲು ಆರ್‌ಪಿಎಂ ಮಾತ್ರ ತೋರಿಸುತ್ತದೆ, ರೋಟರ್ ತ್ರಿಜ್ಯ 16 ಸೆಂಟಿಮೀಟರ್.

ಹಾಸನದ_ಅಕ್ಕ:

ಆ ತ್ರಿಜ್ಯಕ್ಕೆ 40 ಜಿ ಅಂದರೆ ಸುಮಾರು 470 ಆರ್‌ಪಿಎಂ, 100 ಜಿ ಅಂದರೆ ಸುಮಾರು 750. ಬ್ರೇಕ್ ಆಫ್ ಮಾಡಿ ತಾನಾಗಿ ನಿಲ್ಲಲು ಬಿಡಿ, ಇಲ್ಲದಿದ್ದರೆ ಕಟ್ಟಿದ ಕೆನೆ ಮತ್ತೆ ಕದಡುತ್ತದೆ. ವೇಗ ಏರುವ ಮತ್ತು ಇಳಿಯುವ ಸಮಯವೂ ಆ ಒಂದು ನಿಮಿಷಕ್ಕೆ ಸೇರಿಕೊಳ್ಳುತ್ತದೆ, ಆದ್ದರಿಂದ ಮೊದಲ ಸಲ ಕೆನೆಯಲ್ಲಿ ನಿಮಗೆ ಬೇಕಾದವೂ ಹೋಗಿದ್ದರೆ ಸಮಯವನ್ನು ಮುಟ್ಟದೆ ಆರ್‌ಪಿಎಂ ಸ್ವಲ್ಪ ಇಳಿಸಿ ನೋಡಿ.